ಧೈರ್ಯ ಹೇಳುವವರು ಸಾಕು, ದಾರಿ ಹೇಳುವವರು ಬೇಕು



ಕಳೆದ ಮಹಿಳಾ ದಿನಾಚರಣೆಯಂದು ಒಂದು ಇಂಜಿನಿಯರಿಂಗ್ ಕಾಲೇಜಿನ ಸಮಾರಂಭಕ್ಕೆ ಹೋಗಿದ್ದೆ. ಯಾವ ಕಾಲೇಜು, ಯಾವ ಊರು ಎಂಬುದು ಬೇಡ. ಒಂದನ್ನು ಮಾತ್ರ ಹೆಸರಿಸಿದರೆ ಉಳಿದವಕ್ಕೆ ಅನಾಯಾಸವಾಗಿ ಒಳ್ಳೆಯ ಹೆಸರು ಬಂದುಬಿಡುತ್ತದೆ. ಅಲ್ಲಿ ಅಧ್ಯಾಪಕನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬನ ಒತ್ತಾಯಕ್ಕೆ ಹೋದದ್ದು. ಅಧ್ಯಾಪಕಿಯರಿಗಾಗಿ ಹಾಗೂ ಪರಿಶಿಷ್ಟ ಮತ್ತು ಅಲ್ಪಸಂಖ್ಯಾತ ಸಮುದಾಯಗಳಿಂದ ಬಂದ ಅಧ್ಯಾಪಕರಿಗಾಗಿ ‘ಮೆಂಟರಿಂಗ್ ಘಟಕ’ವೊಂದರ ಉದ್ಘಾಟನೆ ಅಂದು ಇತ್ತು. ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಗುಲಾಬಿ ಕೊಟ್ಟವರು, ರಂಗೋಲಿ ಹಾಕಿದವರು, ಪ್ರಾರ್ಥನೆ ಹಾಡಿದವರು, ಕಾಫಿ ಲೋಟ ಸಾಲದೆ ಅತ್ತಿತ್ತ ಓಡಾಡಿದವರು ಎಲ್ಲರೂ ಆ ಘಟಕ ಯಾರ ಉದ್ಧಾರಕ್ಕಾಗಿ ಹುಟ್ಟಿತೋ ಅವರೇ ಆಗಿದ್ದರು. ಮುಂದಿನ ಸಾಲಿನ ಮೆತ್ತನೆಯ ಕುರ್ಚಿಗಳಲ್ಲಿ ಕುಳಿತವರು ಬೇರೆ.

ಭಾಷಣಕಾರರು ಒಂದೂವರೆ ಗಂಟೆ ಮಾತನಾಡಿದರು. ಆತ್ಮವಿಶ್ವಾಸ, ಸಮಯಪಾಲನೆ, ಮನೆ ಮತ್ತು ವೃತ್ತಿಯನ್ನು ತಕ್ಕಡಿಯ ಎರಡು ತಟ್ಟೆಗಳಂತೆ ತೂಗಿಸುವುದು, ಸದಾ ನಗುಮುಖ. ಕೊನೆಯಲ್ಲಿ ಎಳೆಯ ವಯಸ್ಸಿನ ಅಧ್ಯಾಪಕಿಯೊಬ್ಬಳು ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳು: “ಸಾರ್, ರಿಸರ್ಚ್ ಸೆಂಟರ್‌ನಲ್ಲಿ ಯಾವ ಗೈಡ್ ಹತ್ತಿರ ಪಿಎಚ್.ಡಿ. ಸೀಟು ಖಾಲಿ ಇದೆ ಎಂದು ನಮಗೆ ತಿಳಿಯುವುದು ಹೇಗೆ? ನಮಗೆ ತಿಳಿಯುವ ಹೊತ್ತಿಗೆ ಅದು ತುಂಬಿರುತ್ತದೆ.” ಭಾಷಣಕಾರರು ಬಹಳ ಪ್ರಸನ್ನವಾಗಿ ನಕ್ಕು, “ಮೊದಲು ನೆಗೆಟಿವ್ ಯೋಚನೆ ಬಿಡಬೇಕಮ್ಮ” ಎಂದರು. ಚಪ್ಪಾಳೆಯೂ ಬಿತ್ತು.

ಆ ಚಪ್ಪಾಳೆಯ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಈ ಬರಹಕ್ಕೆ ಅದೇ ಕಾರಣ. ಆ ಹೆಣ್ಣುಮಗಳಿಗೆ ಬೇಕಾಗಿದ್ದುದು ಧೈರ್ಯವಲ್ಲ. ಧೈರ್ಯ ಇದ್ದುದರಿಂದಲೇ ಆಕೆ ಸಭೆಯಲ್ಲಿ ಎದ್ದು ನಿಂತಳು. ಬೇಕಾಗಿದ್ದುದು ಒಂದು ಮಾಹಿತಿ, ಒಂದು ಪರಿಚಯದ ಮಾತು, ಒಂದು ಸಹಿ. ಇವು ಮೂರೂ ಮುಂದಿನ ಸಾಲಿನಲ್ಲಿ ಕುಳಿತವರ ಜೇಬಿನಲ್ಲೇ ಇದ್ದವು. ಮಾರ್ಗದರ್ಶನ ಎಂಬ ದೊಡ್ಡ ಹೆಸರಿನಲ್ಲಿ ನಾವು ಇವನ್ನು ಬಚ್ಚಿಟ್ಟು ಉಪದೇಶವನ್ನು ಹಂಚುತ್ತಿದ್ದೇವೆ ಎಂಬುದು ನನ್ನ ಆರೋಪ. ಆರೋಪಿಗಳಲ್ಲಿ ನಾನೂ ಒಬ್ಬ. ಅದನ್ನು ಮುಂದೆ ಹೇಳುತ್ತೇನೆ.

ಗೌರಿಬಿದನೂರಿನಲ್ಲಿ ನಾನು ಆರು ವರ್ಷ ವಿಜ್ಞಾನ ಕಲಿಸಿದೆ. ಅಲ್ಲಿ ಪಾಠ ಮಾಡಿದ ಯಾವ ಮೇಷ್ಟರಾದರೂ ಡಾ. ಎಚ್. ನರಸಿಂಹಯ್ಯನವರ ಕಥೆಯನ್ನು ಮಕ್ಕಳಿಗೆ ಹೇಳದೆ ಇರಲಾರ. ಆ ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದ ಹುಡುಗ, ಬಸ್ಸಿಗೆ ಕಾಸಿಲ್ಲದೆ 1935ರಲ್ಲಿ ಬೆಂಗಳೂರಿಗೆ ಸುಮಾರು 85 ಕಿಲೋಮೀಟರ್ ದೂರವನ್ನು ಎರಡು ದಿನ ನಡೆದು ಹೋದದ್ದು. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದದ್ದು. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾದದ್ದು. ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜನ್ನು ತಂದದ್ದು. ನಾನೂ ವರ್ಷವರ್ಷ ಇದನ್ನೇ ಹೇಳಿ, “ನೋಡಿ ಮಕ್ಕಳೇ, ಛಲವಿದ್ದರೆ ಯಾರ ಸಹಾಯವೂ ಬೇಡ” ಎಂದು ಮುಗಿಸುತ್ತಿದ್ದೆ.

ಅದು ತಪ್ಪು ಪಾಠವಾಗಿತ್ತು. ಆ ಎರಡು ದಿನದ ನಡಿಗೆಯ ಕೊನೆಯಲ್ಲಿ ಒಬ್ಬ ಮನುಷ್ಯರಿದ್ದರು. ಹುಡುಗನ ಅಚ್ಚುಮೆಚ್ಚಿನ ಗುರು ಎಂ.ಎಸ್. ನಾರಾಯಣರಾಯರು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ಮುಖ್ಯಸ್ಥರಾಗಿದ್ದರು. ಹುಡುಗ ನಡೆದದ್ದು ಅವರ ಬಳಿಗೆ. ಯಾರೂ ಇಲ್ಲದ ಊರಿಗೆ ಹುಡುಗ ಕಾಲು ಹಾಕಲಿಲ್ಲ. ನಾರಾಯಣರಾಯರನ್ನು ಕಥೆಯಿಂದ ತೆಗೆದುಹಾಕಿ ಬರೀ ನಡಿಗೆಯನ್ನು ಉಳಿಸಿಕೊಂಡದ್ದು ನಮ್ಮಂತಹ ಮೇಷ್ಟರುಗಳ ಕೆಲಸ. ಇನ್ನೊಂದು ಮಾತು. ಆ ಕಾಲದಲ್ಲಿ ಅದೇ ಹೊಸೂರಿನ ಹದಿನೈದು ವರ್ಷದ ಹುಡುಗಿಯೊಬ್ಬಳು ಅಷ್ಟೇ ಬುದ್ಧಿವಂತೆಯಾಗಿದ್ದರೆ, ದಾರಿಯಲ್ಲಿ ಒಂದು ರಾತ್ರಿ ಎಲ್ಲಿ ಮಲಗುತ್ತಿದ್ದಳು?

ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಕಥೆಯೂ ಹಾಗೆಯೇ. ಬೀದಿ ದೀಪದ ಕೆಳಗೆ ಓದಿದರೆಂದು ಎಲ್ಲರೂ ಹೇಳುತ್ತಾರೆ. ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಿತ್ತು, ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ವಾಟರ್ಸ್ ಅವರ ವಾತ್ಸಲ್ಯವಿತ್ತು ಎಂಬುದನ್ನು ಸೆಪ್ಟೆಂಬರ್ 15ರ ಭಾಷಣಗಳಲ್ಲಿ ಯಾರೂ ಹೇಳುವುದಿಲ್ಲ. ಇದರಿಂದ ಆ ಮಹನೀಯರ ಹಿರಿಮೆ ಒಂದು ಗುಲಗಂಜಿಯಷ್ಟೂ ಕುಗ್ಗದು. ಯೋಗ್ಯತೆಗೆ ಆಸರೆ ಸಿಕ್ಕಿತು, ಅಷ್ಟೇ.

ಸೋದರಮಾವನ ಮಾತು ಬಂದದ್ದರಿಂದ ನನ್ನ ಸರದಿಗೆ ಬರುತ್ತೇನೆ.

ಶಿಡ್ಲಘಟ್ಟದಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. 1999ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದಳು. ತಂದೆ ತಾಯಿ ಇಬ್ಬರೂ ರೇಷ್ಮೆ ನೂಲು ಬಿಚ್ಚುವ ಕೆಲಸದವರು. ಮನೆಯ ಮಾತು ಉರ್ದು. ಶನಿವಾರ ಮಧ್ಯಾಹ್ನ, ಭಾನುವಾರಗಳಲ್ಲಿ ಅವಳೂ ಬಿಸಿನೀರಿನ ತೊಟ್ಟಿಯ ಮುಂದೆ ಕೂರುತ್ತಿದ್ದಳು. ಬೆಂದ ಗೂಡುಗಳ ನಡುವೆ ಕೈಯಾಡಿಸಿ ಎಳೆಯ ತುದಿಯನ್ನು ಹುಡುಕುವ ಕೆಲಸವದು. ಸೋಮವಾರ ಬೆಳಿಗ್ಗೆ ಬೆರಳ ತುದಿಗಳು ಬಿಳಿಚಿ ಸುಲಿದಿರುತ್ತಿದ್ದವು. ಅದೇ ಕೈಯಲ್ಲಿ ರೇಖಾಗಣಿತದ ಪ್ರಮೇಯಗಳನ್ನು ಒಂದು ಗೆರೆ ತಪ್ಪದೆ ಬರೆಯುತ್ತಿದ್ದಳು. ಅವಳ ತಂದೆಯನ್ನು ಗೂಡಿನ ಮಾರುಕಟ್ಟೆಯ ಬಳಿ ನಿಲ್ಲಿಸಿಕೊಂಡು ನಾಲ್ಕು ಬಾರಿ ಮಾತನಾಡಿ, ಪಿಯುಸಿಗೆ ಸೇರಿಸುವಂತೆ ಮಾಡಿದೆ. ಸಿಇಟಿಯಲ್ಲಿ ಸೀಟು ಸಿಕ್ಕಿತು. 2005ರಲ್ಲಿ ಇಂಜಿನಿಯರಿಂಗ್ ಮುಗಿಸಿ ಒಂದು ಕಾಲೇಜಿನಲ್ಲಿ ಉಪನ್ಯಾಸಕಿಯಾದಳು, ದುಡಿಯುತ್ತಲೇ ಎಂ.ಟೆಕ್. ಮುಗಿಸಿದಳು. ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ನನ್ನ ಕೆಲಸ ಮುಗಿಯಿತೆಂದು ಭಾವಿಸಿದೆ.

2013ರಲ್ಲಿ ಒಂದು ಭಾನುವಾರ ಅವಳು ಮನೆಗೆ ಬಂದಳು. ಎಂಟು ವರ್ಷದಿಂದ ಮೊದಲ ವರ್ಷದ ಲ್ಯಾಬ್, ಅಂಕಪಟ್ಟಿ, ಹಾಜರಾತಿ ಇಷ್ಟೇ ತನಗೆ ಬರುತ್ತಿರುವುದು ಎಂದಳು. ಮೇಲಿನ ಹುದ್ದೆಗೆ ಪಿಎಚ್.ಡಿ. ಬೇಕು. ಯಾವ ಗೈಡ್ ಯಾವಾಗ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರೆ, ಯಾವ ವಿಷಯ ಕೊಟ್ಟರೆ ಒಪ್ಪುತ್ತಾರೆ, ಪ್ರಾಜೆಕ್ಟಿಗೆ ಅರ್ಜಿ ಬರೆಯುವ ಬಗೆ ಹೇಗೆ ಎಂಬುದೆಲ್ಲ ಸಂಜೆ ಐದರ ನಂತರ ಗಂಡಸರು ಟೀ ಅಂಗಡಿಯಲ್ಲಿ ನಿಂತಾಗ ತೀರ್ಮಾನವಾಗುತ್ತದೆ ಎಂದಳು. “ಆ ಹೊತ್ತಿಗೆ ನಾನು ಬಸ್‌ಸ್ಟ್ಯಾಂಡಿನಲ್ಲಿರುತ್ತೇನೆ ಸಾರ್. ನಾನು ಆ ಟೀ ಅಂಗಡಿಗೆ ಹೋದರೂ ಅವರು ಮಾತು ಬದಲಿಸುತ್ತಾರೆ.” ಅಳಲಿಲ್ಲ, ದೂರಲಿಲ್ಲ. ಲೆಕ್ಕ ಒಪ್ಪಿಸಿದಂತೆ ಹೇಳಿದಳು.

ನಾನು ಹೇಳಿದ್ದು: “ತಾಳ್ಮೆಯಿಂದಿರಮ್ಮ. ನಿನ್ನ ಕೆಲಸ ನೀನು ಮಾಡು, ಯೋಗ್ಯತೆ ತಾನಾಗಿಯೇ ಬೆಳಕಿಗೆ ಬರುತ್ತದೆ.” ಹೆಂಡತಿ ಮಾಡಿದ ಉಪ್ಪಿಟ್ಟು ತಿಂದು ನಮಸ್ಕರಿಸಿ ಹೋದಳು.

ಅದೇ ವರ್ಷ ನನ್ನ ಅಕ್ಕನ ಮಗ ಇನ್ನೊಂದು ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದ. “ಮಾವ, ಪಿಎಚ್.ಡಿ.ಗೆ ದಾರಿ ಕಾಣುತ್ತಿಲ್ಲ” ಎಂದ. ನನ್ನೊಡನೆ ಬಿ.ಇಡಿ. ಓದಿದ ಗೆಳೆಯನ ತಮ್ಮ ಒಬ್ಬ ಹಿರಿಯ ಪ್ರಾಧ್ಯಾಪಕರು. ಆ ರಾತ್ರಿಯೇ ಫೋನು ಮಾಡಿದೆ. ಐದು ನಿಮಿಷದ ಮಾತು. ಮುಂದಿನ ವಾರ ಅವನು ಹೋಗಿ ಅವರನ್ನು ಕಂಡ. ಅವರು ವಿಷಯ ಸೂಚಿಸಿದರು, ಅರ್ಜಿ ತಿದ್ದಿದರು. 2019ರಲ್ಲಿ ಡಾಕ್ಟರೇಟ್ ಆಯಿತು. ಇಂದು ಅಸೋಸಿಯೇಟ್ ಪ್ರೊಫೆಸರ್. ಅವನಿಗೆ ಯೋಗ್ಯತೆಯಿರಲಿಲ್ಲ ಎಂದಲ್ಲ, ಖಂಡಿತ ಇತ್ತು. ಈ ಪುಟವನ್ನು ಅವನು ಓದುತ್ತಾನೆ. ಬೇಸರಪಡಲಾರ ಎಂದು ನಂಬಿದ್ದೇನೆ. ಆದರೆ ಗಣಿತದಲ್ಲಿ ಅವಳು ಅವನಿಗಿಂತ ಎರಡು ಮೆಟ್ಟಿಲು ಮೇಲಿದ್ದಳು. ಇಬ್ಬರಿಗೂ ಕಲಿಸಿದವನು ನಾನು, ನನಗೆ ಗೊತ್ತು.

ಅದೇ ಫೋನಿನಿಂದ, ಅದೇ ಪ್ರಾಧ್ಯಾಪಕರಿಗೆ, ಇನ್ನೂ ಐದು ನಿಮಿಷ ಮಾತನಾಡಬಹುದಿತ್ತು. ಆ ಯೋಚನೆಯೇ ನನಗೆ ಬರಲಿಲ್ಲ. ದ್ವೇಷವಿಲ್ಲ, ಭೇದಬುದ್ಧಿಯಿಲ್ಲ. ಬರಲೇ ಇಲ್ಲ, ಅಷ್ಟೇ. ಇವನು ಕೇಳಿದಾಗ ನನ್ನ ಕೈ ಫೋನಿನತ್ತ ಹೋಯಿತು. ಅವಳು ಕೇಳಿದಾಗ ಬಾಯಿಗೆ ಸುಭಾಷಿತ ಬಂತು. ಅವಳು 2016ರಲ್ಲಿ ಕೆಲಸ ಬಿಟ್ಟಳು. ಈಗ ಬೆಂಗಳೂರಿನ ಮನೆಯಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಕಾಲೇಜಿನ ದಾಖಲೆಯಲ್ಲಿ ‘ಕೌಟುಂಬಿಕ ಕಾರಣ’ ಎಂದು ಬರೆದಿರಬಹುದು. ಹೆಣ್ಣುಮಕ್ಕಳು ಬಿಟ್ಟಾಗಲೆಲ್ಲ ಬರೆಯುವುದು ಅದನ್ನೇ.

ಇದು ನಮ್ಮ ಜಿಲ್ಲೆಯ ಬಡತನದ ಕಥೆ ಮಾತ್ರ ಎಂದುಕೊಳ್ಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಾಗಿಲಿಗೆ 1933ರಲ್ಲಿ ಮುಂಬಯಿಯಿಂದ ಕಮಲಾ ಭಾಗವತ್ ಎಂಬ ತರುಣಿ ಬಂದಳು. ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದಿದ್ದಳು. ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ಓದಿದವರು. ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಆಕೆ ಪಟ್ಟುಹಿಡಿದು ಕುಳಿತ ಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಇರಬಹುದೆಂದೂ, ಪ್ರಯೋಗಾಲಯದ ವಾತಾವರಣ ಕೆಡಿಸಬಾರದೆಂದೂ ಷರತ್ತು ಹಾಕಿ ಬಿಟ್ಟುಕೊಂಡರು. ಆ ವರ್ಷ ಅವಳನ್ನು ಉಳಿಸಿದ್ದು ಗುರು ಎಂ. ಶ್ರೀನಿವಾಸಯ್ಯನವರು. ಬಹಳ ಕಟ್ಟುನಿಟ್ಟಿನ ಮನುಷ್ಯ. ಅವರು ಕೆಲಸ ಕೊಟ್ಟರು, ಕಲಿಸಿದರು, ಗಂಡುಹುಡುಗರಿಂದ ಎಷ್ಟು ನಿರೀಕ್ಷಿಸುತ್ತಿದ್ದರೋ ಅಷ್ಟನ್ನೇ ನಿರೀಕ್ಷಿಸಿದರು. 1939ರಲ್ಲಿ ಆಕೆ ಕೇಂಬ್ರಿಜ್‌ನ ಡಾಕ್ಟರೇಟ್ ಪಡೆದರು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು ಅವರೇ. ತಂದೆ ಚಿಕ್ಕಪ್ಪಂದಿರ ಹೆಸರು ಬೆನ್ನಿಗಿದ್ದೂ ಅವರಿಗೆ ಅಷ್ಟು ಕಷ್ಟವಾದರೆ, ನೂಲು ಬಿಚ್ಚುವವರ ಮಗಳ ಪಾಡೇನು?

ಅನ್ನಾ ಮಣಿಯವರದು ಇನ್ನೂ ಕಹಿ. 1940ರ ದಶಕದಲ್ಲಿ ಅದೇ ಸಂಸ್ಥೆಯಲ್ಲಿ ರಾಮನ್ನರ ಬಳಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಅಭ್ಯಸಿಸಿ ಐದು ಪ್ರಬಂಧಗಳನ್ನು ಒಬ್ಬರೇ ಪ್ರಕಟಿಸಿದರು. 1945ರಲ್ಲಿ ಪಿಎಚ್.ಡಿ. ಪ್ರಬಂಧ ಒಪ್ಪಿಸಿದರು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಪೂರ್ಣವಾಗಿ ಬರೆದ ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಉಳಿಯಿತು. ಅವರೇನೋ ಮುಂದೆ ಹವಾಮಾನ ಇಲಾಖೆಯಲ್ಲಿ ಓಜೋನ್ ಅಳೆಯುವ ಉಪಕರಣಗಳನ್ನು ರೂಪಿಸಿ ದೊಡ್ಡವರಾದರು. ಐದು ವರ್ಷ ದುಡಿಯುವ ಮೊದಲೇ ಆ ನಿಯಮವನ್ನು ಎದುರು ಕೂರಿಸಿಕೊಂಡು ಓದಿ ಹೇಳಬೇಕಾದವರು ಯಾರು? ಅದನ್ನು ಬದಲಿಸೆಂದು ವಿಶ್ವವಿದ್ಯಾಲಯದ ಮುಂದೆ ವಾದಿಸಬೇಕಾದವರು ಯಾರು? ರಾಮನ್ನರ ವಿಜ್ಞಾನಕ್ಕೆ ನಾನು ತಲೆಬಾಗುತ್ತೇನೆ. ಈ ಪ್ರಶ್ನೆಗಳನ್ನು ಮಾತ್ರ ನುಂಗಿಕೊಳ್ಳಲಾರೆ.

ಒಳ್ಳೆಯ ಉದಾಹರಣೆಯೂ ಇದೆ. 1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, 1953ರಲ್ಲಿ ವಿಜ್ಞಾನ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿ, ಮೈಕ್ರೋವೇವ್ ತಂತ್ರಜ್ಞಾನದಲ್ಲಿ ಕೆಲಸ ಮಾಡಿ, ವಿಭಾಗದ ಮುಖ್ಯಸ್ಥೆಯೂ ಆಗಿ, 20 ಮಂದಿಗೆ ಪಿಎಚ್.ಡಿ. ಮಾಡಿಸಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಹಳೆಯ ಮೈಸೂರು ಸಂಸ್ಥಾನದ ಮೊದಲ ಸ್ತ್ರೀ ಪದವೀಧರರಲ್ಲಿ ಒಬ್ಬರು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದವರು. ಅಂತಹ ಅಜ್ಜಿ ಎಷ್ಟು ಮನೆಗಳಲ್ಲಿದ್ದಾರೆ? ಇಲ್ಲದ ಮನೆಯಿಂದ ಬಂದವರಿಗೆ ಆ ಅಜ್ಜಿಯ ಕೆಲಸವನ್ನು ಸಂಸ್ಥೆಯೇ ಮಾಡಬೇಕು.

ಇಲ್ಲಿ ನನಗೆ ಎದುರಾಗುವ ಮಾತುಗಳು ಗೊತ್ತಿವೆ. ಮೊದಲನೆಯದು, “ಮೇಷ್ಟ್ರೇ, ಇದು ವಶೀಲಿಯಲ್ಲವೇ?” ಅಲ್ಲ. ಅರ್ಹತೆಯಿಲ್ಲದವನಿಗೆ ಬೇರೆಯವರ ಪಾಲನ್ನು ಕೊಡಿಸುವುದು ವಶೀಲಿ. ಅರ್ಹರಿಗೆ ಅವರದೇ ಪಾಲು ಎಲ್ಲಿದೆ ಎಂದು ತೋರಿಸುವುದು ಬೇರೆ. ಅದನ್ನು ಕೆಲವರಿಗೇ ತೋರಿಸಿದಾಗ ಮಾತ್ರ ಅದು ವಶೀಲಿಗಿಂತಲೂ ಕೆಟ್ಟದ್ದಾಗುತ್ತದೆ, ಏಕೆಂದರೆ ಮಾಡಿದವನಿಗೆ ತಾನು ತಪ್ಪು ಮಾಡಿದೆನೆಂದು ತಿಳಿಯುವುದೇ ಇಲ್ಲ. ನನ್ನನ್ನೇ ನೋಡಿ.

“ಅಧ್ಯಾಪಕಿಯರಿಗೆ ಹಿರಿಯ ಅಧ್ಯಾಪಕಿಯರೇ ದಾರಿ ತೋರಲಿ” ಎಂಬುದು ಇನ್ನೊಂದು. ಎಲ್ಲಿದ್ದಾರೆ ಆ ಹಿರಿಯರು? ನಮ್ಮ ದೇಶದ ಬಿ.ಎಸ್ಸಿ. ತರಗತಿಗಳಲ್ಲಿ ಅರ್ಧದಷ್ಟು ಹುಡುಗಿಯರಿದ್ದಾರೆ. ವಿಜ್ಞಾನ, ತಂತ್ರಜ್ಞಾನ ಸಂಸ್ಥೆಗಳ ಅಧ್ಯಾಪಕ ವರ್ಗದಲ್ಲಿ ಹೆಂಗಸರ ಪಾಲು ನೂರಕ್ಕೆ ಸುಮಾರು 17 ಎಂದು, 2020ರಲ್ಲಿ ಇಬ್ಬರು ಮಹಿಳಾ ವಿಜ್ಞಾನಿಗಳು ಆರಂಭಿಸಿದ ಬಯಾಸ್‌ವಾಚ್ ಇಂಡಿಯಾ ಎಣಿಸಿ ತೋರಿಸಿದೆ. ವಿಭಾಗಕ್ಕೊಬ್ಬಳು ಇದ್ದರೆ ಹೆಚ್ಚು. ಅವಳ ಹೆಗಲಿಗೆ ದೂರು ಸಮಿತಿ, ಹಾಸ್ಟೆಲ್ ಸಮಿತಿ, ಸಾಂಸ್ಕೃತಿಕ ಸಮಿತಿ, ಅತಿಥಿಗಳ ಊಟೋಪಚಾರ. ಇದರ ಮೇಲೆ ಎಲ್ಲರ ಮಾರ್ಗದರ್ಶನವೂ! ಬೀಗದ ಕೈ ಗಂಡಸರ ಬಳಿಯಿರುವಾಗ ಬಾಗಿಲು ತೆರೆಯುವ ಕರ್ತವ್ಯ ಹೊರಗೆ ನಿಂತ ಹೆಂಗಸಿನದಾಗುವುದು ಯಾವ ನ್ಯಾಯ?

ಮೂರನೆಯದು, “ಮೀಸಲಾತಿ ಇದೆಯಲ್ಲ.” ಇದೆ, ಇರಬೇಕು. ಚಿಂತಾಮಣಿಯಲ್ಲಿ ನನ್ನ ಬಳಿ ಓದಿದ ಪರಿಶಿಷ್ಟ ಜಾತಿಯ ಹುಡುಗನೊಬ್ಬ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ದೂರದ ಒಂದು ಸಂಸ್ಥೆಯಲ್ಲಿ ಅಧ್ಯಾಪಕನಾದ. ನೇಮಕವಾದ ಮೇಲೆ ಎರಡು ವರ್ಷ ಅವನಿಗೆ ಪ್ರಯೋಗಾಲಯದಲ್ಲಿ ಜಾಗ ಸಿಗಲಿಲ್ಲ. ಅವನ ಅನುದಾನದಲ್ಲಿ ಕೊಂಡ ಉಪಕರಣ ಮರದ ಪೆಟ್ಟಿಗೆಯಲ್ಲೇ ಮೊಗಸಾಲೆಯಲ್ಲಿ ಕುಳಿತಿತ್ತು. ಅವನು ಒಳಗೆ ಬಂದದ್ದು ಹೇಗೆಂಬುದು ಎಲ್ಲರಿಗೂ ನೆನಪಿತ್ತು, ಬಂದಿದ್ದಾನೆ ಎಂಬುದು ಮಾತ್ರ ನೆನಪಿರಲಿಲ್ಲ. ಅವನೊಬ್ಬನ ಅನುಭವ ಇದಲ್ಲ ಎಂಬುದಕ್ಕೆ, ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ವಿದ್ಯಾರ್ಥಿಗಳೂ ಅಧ್ಯಾಪಕರೂ ಎದುರಿಸಿದ ಭೇದಭಾವವನ್ನು ದಾಖಲಿಸಿದ 2007ರ ಥೋರಟ್ ಸಮಿತಿಯ ವರದಿಯೇ ಸಾಕ್ಷಿ. ಮೀಸಲಾತಿ ಗೇಟಿನವರೆಗೆ ತಂದು ಬಿಡುತ್ತದೆ. ಒಳಗಿನ ಪ್ರತಿಯೊಂದು ಬಾಗಿಲನ್ನೂ ಸಹೋದ್ಯೋಗಿಗಳೇ ತೆರೆಯಬೇಕು.

ಜಾಗದ ಮಾತು ಬಂದದ್ದರಿಂದ ಅಮೆರಿಕದ ಒಂದು ಸಂಗತಿ. ಎಂ.ಐ.ಟಿ.ಯಲ್ಲಿ ನ್ಯಾನ್ಸಿ ಹಾಪ್‌ಕಿನ್ಸ್ ಎಂಬ ಜೀವವಿಜ್ಞಾನಿ ಮೀನು ಸಾಕುವ ತೊಟ್ಟಿಗಳಿಗೆ ಇನ್ನೂರು ಚದರಡಿ ಹೆಚ್ಚು ಜಾಗ ಕೇಳಿದರು. ಸಿಗಲಿಲ್ಲ. ಆಕೆ ಅಳತೆಯ ಟೇಪು ಹಿಡಿದು ಕಟ್ಟಡದ ಪ್ರಯೋಗಾಲಯಗಳನ್ನೆಲ್ಲ ಅಳೆದರು. ಹಿರಿಯಳಾದ ತನಗಿಂತ ಗಂಡಸರಿಗೆ ಬಹಳ ಹೆಚ್ಚು ಜಾಗವಿತ್ತು. 1994ರಲ್ಲಿ ಅಲ್ಲಿನ ವಿಜ್ಞಾನ ವಿಭಾಗಗಳಲ್ಲಿ ಕಾಯಂ ಪ್ರಾಧ್ಯಾಪಕಿಯರು 15, ಪ್ರಾಧ್ಯಾಪಕರು 194. ಆ 15 ಮಂದಿ ಬಹುತೇಕ ಒಟ್ಟಾಗಿ ನಿಂತರು. 1999ರಲ್ಲಿ ಸಂಸ್ಥೆ ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಆಕೆಗೆ ಯಾರೋ ಸಮಯಪಾಲನೆಯ ಉಪನ್ಯಾಸ ಕೊಟ್ಟು ಕಳಿಸಿದ್ದರೆ ಏನಾಗುತ್ತಿತ್ತು? ನಮ್ಮಲ್ಲಿಯೂ 2020ರಲ್ಲಿ ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ‘ಗತಿ’ ಎಂಬ ಯೋಜನೆಯನ್ನು 30 ಸಂಸ್ಥೆಗಳಲ್ಲಿ ಪ್ರಾಯೋಗಿಕವಾಗಿ ಹೊರಟಿತು. ಸಂಸ್ಥೆಗಳು ತಮ್ಮನ್ನು ತಾವೇ ಅಳೆದುಕೊಳ್ಳಬೇಕೆಂಬುದು ಅದರ ತಿರುಳು. ಹೆಂಗಸರನ್ನು ತಿದ್ದುವ ಬದಲು ಸಂಸ್ಥೆಯನ್ನು ತಿದ್ದಬೇಕೆಂಬ ಆ ಯೋಚನೆ ಸರಿಯಾದದ್ದು. ನಮ್ಮ ಊರುಗಳ ಕಾಲೇಜುಗಳು ಅದಕ್ಕಾಗಿ ದೆಹಲಿಯ ಪತ್ರಕ್ಕೆ ಕಾಯಬೇಕಾಗಿಲ್ಲ. ಟೇಪಿಗೆ ನೂರು ರೂಪಾಯಿ ಸಾಕು.

ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ, ನನಗೆ ತಿಳಿದ ಮಟ್ಟಿಗೆ, ಇಬ್ಬರು ವಿಭಾಗದ ಮುಖ್ಯಸ್ಥರಿದ್ದೀರಿ, ಒಬ್ಬ ಪ್ರಾಂಶುಪಾಲನಿದ್ದಾನೆ, ಏಳೆಂಟು ಮಂದಿ ಗೈಡ್‌ಗಳಿದ್ದೀರಿ. ಮೂವತ್ತು ವರ್ಷ ನಿಮ್ಮ ಹೋಂವರ್ಕ್ ನೋಡಿದವನು ಇನ್ನೊಂದು ಹೋಂವರ್ಕ್ ಕೊಡುತ್ತೇನೆ. ಕಳೆದ ಐದು ವರ್ಷದಲ್ಲಿ ಯಾರ ಅರ್ಜಿಯನ್ನು ತಿದ್ದಿಕೊಟ್ಟಿರಿ, ಯಾರನ್ನು ಕಾನ್ಫರೆನ್ಸಿಗೆ ಕಳಿಸಿದಿರಿ, ಯಾರ ಹೆಸರನ್ನು ಪ್ರಾಜೆಕ್ಟಿನಲ್ಲಿ ಸೇರಿಸಿದಿರಿ, ಯಾರಿಗಾಗಿ ಫೋನು ಮಾಡಿದಿರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಎದುರಿಗೆ, ನಿಮ್ಮ ವಿಭಾಗದಲ್ಲಿ ರಂಗೋಲಿ ಸ್ಪರ್ಧೆಯನ್ನೂ ಸ್ವಾಗತ ಸಮಿತಿಯನ್ನೂ ನೋಡಿಕೊಂಡವರ ಹೆಸರು ಬರೆಯಿರಿ. ಎರಡು ಪಟ್ಟಿಯಲ್ಲೂ ಇರುವ ಹೆಸರು ಎಷ್ಟೆಂದು ನನಗೆ ತಿಳಿಸಿ. ಪ್ರಾಮಾಣಿಕವಾಗಿ ಬರೆದರೆ ಅಂಕ ಕಳೆಯುವುದಿಲ್ಲ.

ಇದನ್ನು ಬರೆಯುವ ಮೊದಲು ಶಿಡ್ಲಘಟ್ಟದ ಆ ನನ್ನ ವಿದ್ಯಾರ್ಥಿನಿಗೆ ಫೋನು ಮಾಡಿದೆ. ಅಕ್ಕನ ಮಗನ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಬಹಳ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ. ಆಮೇಲೆ, “ನನಗೆ ಆಗಲೇ ಗೊತ್ತಿತ್ತು ಸಾರ್. ಅವರು ನಮ್ಮ ಕಾಲೇಜಿಗೆ ಪರೀಕ್ಷೆ ನಡೆಸಲು ಬಂದಾಗ ಅವರೇ ಹೇಳಿದ್ದರು, ನಮ್ಮ ಮಾವ ಒಂದು ಫೋನು ಮಾಡಿದರು ಅಂತ” ಎಂದಳು. ಬರೆಯಬಹುದೇ ಎಂದು ಕೇಳಿದೆ. “ಬರೆಯಿರಿ. ನನ್ನ ಹೆಸರು ಬೇಡ, ಅವರ ಹೆಸರೂ ಬೇಡ” ಎಂದಳು. ಟ್ಯೂಷನ್ನಿನ ಮಕ್ಕಳು ಬಂದರೆಂದು ಫೋನು ಇಟ್ಟಳು.